ಜಪಾನಿನ ಗೊಂಬೆ, ಹಂಪಸಾಗರದ ಚಾವಿ

ಹಗರಿಬೊಮ್ಮನಹಳ್ಳಿಯ ರೇಖಾ ಸಿಸ್ಟರ್ ಮನೆಗೆ ಮೊದಲ ಸಲ ಬಂದವರು ಪಡಸಾಲೆಯಲ್ಲಿ ನಿಂತು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಅಂಬೇಡ್ಕರರ ಪಟ, ಅಲ್ಲಿಯವರೆಗೆ ಸರಿ. ಅದರ ಕೆಳಗಿನ ಗಾಜಿನ ಶೋಕೇಸಿನಲ್ಲಿ, ಬೇರೆಯವರು ಪಿಂಗಾಣಿ ಕಪ್ಪು ಬಸಿ ಇಡುವ ಜಾಗದಲ್ಲಿ, ಹನ್ನೊಂದು ತಗಡಿನ ರೋಬೋಟ್‌ಗಳು ಸಾಲಾಗಿ ನಿಂತಿವೆ. ಚೌಕ ತಲೆ, ಕಣ್ಣಿನ ಜಾಗದಲ್ಲಿ ಎರಡು ತೂತು, ಎದೆಯ ಮೇಲೆ ಮೀಟರು ಮುಳ್ಳುಗಳ ಚಿತ್ರ, ಕಾಲಿಗೆ ಇಟ್ಟಿಗೆ ಗಾತ್ರದ ಬೂಟು. ಎಲ್ಲವೂ ಜಪಾನಿನಲ್ಲಿ ಹುಟ್ಟಿದವು, ಎಲ್ಲಕ್ಕೂ ಅರವತ್ತರ ಆಸುಪಾಸು ವಯಸ್ಸು.

"ಮಕ್ಕಳವೇನ್ರಿ ಸಿಸ್ಟರ್?" ಎಂದು ಕೇಳಿದರೆ, "ಇಲ್ರಿ, ನನ್ನವು" ಎಂದು ಚಹಾ ಮಾಡಲು ಒಳಗೆ ಹೋಗಿಬಿಡುತ್ತಾಳೆ. ಐವತ್ತಮೂರು ವರ್ಷದ ಹೆಂಗಸು, ಊರ ಮಕ್ಕಳಿಗೆಲ್ಲ ಸೂಜಿ ಚುಚ್ಚಿ ಅಳಿಸುವ ಕೈ, ಅಂಥವಳಿಗೆ ಗೊಂಬೆ ಯಾಕೆ ಎಂದು ಬಂದವರು ಮುಖ ಮುಖ ನೋಡಿಕೊಂಡು ಕೂರಬೇಕು.

ಗಂಡ ಹುಲುಗೇಶ ಕೂಡ್ಲಿಗಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನಿಗೆ ಬಾಯಿ ಸುಮ್ಮನಿಟ್ಟುಕೊಂಡು ಗೊತ್ತಿಲ್ಲ. "ಬ್ಯಾರೆಯವರ ಹೆಂಡ್ರು ಬಂಗಾರ ಕೇಳ್ತಾರ, ನಮ್ಮಾಕಿ ತುಕ್ಕು ಹಿಡಿದ ತಗಡು ಕೇಳ್ತಾಳ. ನನ್ನಂಥ ಪುಣ್ಯವಂತ ಯಾವನದಾನ ಹೇಳ್ರಿ" ಎನ್ನುತ್ತಾನೆ. ಆದರೆ ಯಾವುದಾದರೂ ಗೊಂಬೆಯೊಳಗಿನ ಹಲ್ಲುಚಕ್ರ ಸಿಕ್ಕಿಕೊಂಡರೆ, ಕನ್ನಡಕ ಏರಿಸಿ ಕೂತು, ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಬಿಡುವವನೂ ಅವನೇ.

ಬೆಂಗಳೂರಿನ ಹಳೇ ಸಾಮಾನಿನವರು, ಮುಂಬಯಿಯ ಒಬ್ಬ ಸಿಡುಕು ಮುದುಕ, ಫೋನಿನೊಳಗೆ ಹಗಲೆಲ್ಲ ಜಗಳಾಡುವ ಗೊಂಬೆ ಹುಚ್ಚಿನವರ ಗುಂಪು, ಇವರೆಲ್ಲ ರೇಖಾಳಿಗೆ ಚೆನ್ನಾಗಿ ಗೊತ್ತು. ಹಳೇ ತಗಡಿಗೆ ನೀರು ತಾಗಿಸಬಾರದು, ಒಣಬಟ್ಟೆ ಸಾಕು. ಬಣ್ಣ ಹೋದರೆ ಗೊಂಬೆ ಹೋದಂತೆಯೇ. ಪಾರ್ಸೆಲ್ ಬಂದ ದಿನ ಅವಳು ಮಾಡುವ ಮೊದಲ ಕೆಲಸ ಮಾತ್ರ ಆ ಗುಂಪಿನವರು ಯಾರೂ ಮಾಡುವಂಥದ್ದಲ್ಲ. ಅವಳ ಕೊರಳಿನ ಐಡಿ ಕಾರ್ಡಿನ ದಾರದಲ್ಲಿ ಸದಾ ಒಂದು ಸಣ್ಣ ಚಾವಿ ತೂಗುತ್ತಿರುತ್ತದೆ. ಚಿಟ್ಟೆ ರೆಕ್ಕೆಯಂಥ ಹಿಡಿ, ತುದಿಯಲ್ಲಿ ಚೌಕ ತೂತು. ಅದನ್ನು ತೆಗೆದು ಹೊಸ ಗೊಂಬೆಯ ಬೆನ್ನಿಗೆ ಹಾಕಿ ನೋಡುತ್ತಾಳೆ. ಒಂದೋ ಸಡಿಲವಾಗುತ್ತದೆ, ಇಲ್ಲವೇ ಒಳಗೇ ಹೋಗುವುದಿಲ್ಲ. ಹನ್ನೊಂದು ಸಲವೂ ಹಾಗೇ ಆಯಿತು. ಪ್ರತಿ ಸಲ ಅವಳ ಮುಖ ಸಣ್ಣದಾಗುವುದನ್ನು ಹುಲುಗೇಶ ನೋಡಿದ್ದಾನೆ, ಆ ಹೊತ್ತಿನಲ್ಲಿ ಮಾತ್ರ ಅವನು ತಮಾಷೆ ಮಾಡುವುದಿಲ್ಲ.

ಆ ಚಾವಿಯ ಕತೆ ಹೇಳದೆ ಮುಂದೆ ಹೋಗುವಂತಿಲ್ಲ.

ರೇಖಾಳ ಅಪ್ಪ ನಾಗೇಂದ್ರಪ್ಪ ಹಂಪಸಾಗರದವನು. ಸಂಡೂರಿನ ಗುಡ್ಡದಲ್ಲಿ ಅದಿರು ಅಗೆಯುವ ಒಂದು ಕಂಪನಿಗೆ ಜೀಪ್ ಓಡಿಸುತ್ತಿದ್ದ. ಅದಿರು ನೋಡಲು ಜಪಾನಿನಿಂದ ಬಂದಿದ್ದ ಇಂಜಿನಿಯರ್ ಒಬ್ಬನನ್ನು ಎರಡು ತಿಂಗಳು ಗುಡ್ಡ ಹತ್ತಿಸಿ ಇಳಿಸಿದ. ಇವನಿಗೆ ಜಪಾನಿ ಬಾರದು, ಅವನಿಗೆ ಕನ್ನಡ ಬಾರದು. ಬೀಡಿ ಹಂಚಿಕೊಂಡು ಸೇದಲು ಭಾಷೆ ಬೇಕಿಲ್ಲವಲ್ಲ. ಹೊರಡುವ ದಿನ ಆ ಮನುಷ್ಯ, ಜೀಪಿನ ಗಾಜಿಗೆ ಅಂಟಿಸಿದ್ದ ಐದು ವರ್ಷದ ರೇಖಾಳ ಫೋಟೋಕ್ಕೆ ಬೆರಳು ತೋರಿಸಿ, ಒಂದು ಪೆಟ್ಟಿಗೆಯನ್ನು ನಾಗೇಂದ್ರಪ್ಪನ ಕೈಗಿಟ್ಟ. ಒಳಗೆ ಬೂದಿ ಬಣ್ಣದ ಒಂದು ರೋಬೋಟ್ ಇತ್ತು.

"ಇದು ನಮ್ಮ ಗುಡ್ಡದ ಕೆಂಪು ಮಣ್ಣು, ಮಗಳಾ. ಹಡಗ ಹತ್ತಿ ಜಪಾನಿಗೆ ಹೋಗಿ, ಗೊಂಬಿಯಾಗಿ ವಾಪಸ್ ಬಂದೈತಿ" ಎಂದಿದ್ದ ಅಪ್ಪ. ಆ ಮಾತು ಖರೆಯೋ ಸುಳ್ಳೋ ಯಾರೂ ವಿಚಾರಿಸಲಿಲ್ಲ. ರೇಖಾ ಇವತ್ತಿಗೂ ಅದನ್ನು ನಂಬುತ್ತಾಳೆ.

ಮನೆಯ ಬಂಡೆಹಾಸಿನ ಮೇಲೆ ಗೊಂಬೆಯ ಎಡಗಾಲು ಜಾರುತ್ತಿತ್ತು. ಅಪ್ಪ ಸೈಕಲ್ ಟ್ಯೂಬಿನ ತುಂಡನ್ನು ಅಂಗಾಲಿಗಿಟ್ಟು ತಾಮ್ರದ ಸಣ್ಣ ಮೊಳೆ ಬಡಿದ. ಚಾವಿಯನ್ನು ಮಾತ್ರ ಮಗಳ ಕೈಗೆ ಕೊಡಲಿಲ್ಲ. ಬಿಗಿಯಾಗಿ ತಿರುವಿ ಸ್ಪ್ರಿಂಗ್ ಮುರಿಯುತ್ತಾಳೆಂದು ಜೀಪಿನ ಚಾವಿಗಳ ಗೊಂಚಲಿಗೇ ಸೇರಿಸಿಕೊಂಡ. ವಾರವೆಲ್ಲ ಗುಡ್ಡದಲ್ಲೇ ಇದ್ದು ಶನಿವಾರ ಸಂಜೆ ಬಂದವನೇ, ಕೈಕಾಲು ತೊಳೆಯುವುದಕ್ಕೂ ಮೊದಲು, ಹೊಸ್ತಿಲ ಬಳಿ ಕೂತು ಗೊಂಬೆಗೆ ಚಾವಿ ಕೊಡುತ್ತಿದ್ದ. ಅದು ಕರ್ ಕರ್ ಎಂದು ಎದೆಯೊಳಗೆ ಕಿಡಿ ಹಾರಿಸುತ್ತ ರೇಖಾಳ ಕಡೆಗೆ ನಡೆದುಬರುತ್ತಿತ್ತು. ಅದರ ಹಿಂದೆ ಅಪ್ಪ ಮೊಣಕಾಲ ಮೇಲೆ ಬರುತ್ತಿದ್ದ. ಅಪ್ಪ ಮನೆಗೆ ಬಂದ ಎನ್ನುವುದಕ್ಕೆ ಅವಳಿಗಿದ್ದ ಗುರುತು ಆ ಸದ್ದೇ.

ಒಮ್ಮೆ ಅಪ್ಪ ಮೂರು ವಾರ ಬರಲಿಲ್ಲ. ನಡೆಯದ ಗೊಂಬೆ ಮೂಲೆಯಲ್ಲಿ ಯಾಕೆ ಧೂಳು ತಿನ್ನಬೇಕು ಎಂದು ಅವ್ವ ಭರಮಮ್ಮನಿಗೆ ಅನ್ನಿಸಿತು. ಓಣಿಗೆ ಬಂದ ಹಳೇ ಕಬ್ಬಿಣದವನಿಗೆ ತೂತುಬಿದ್ದ ಕೊಡದ ಜೊತೆ ಅದನ್ನೂ ಕೊಟ್ಟು ನೀರಿಗೊಂದು ಸ್ಟೀಲ್ ಚರಿಗೆ ತಗೊಂಡಳು. ರೇಖಾ ಶಾಲೆಯಿಂದ ಬಂದಾಗ ಚರಿಗೆ ಇತ್ತು, ಗೊಂಬೆ ಇರಲಿಲ್ಲ. ಆಮೇಲೆ ಅಪ್ಪ ಬಂದ. ಗೊಂಚಲಿನಿಂದ ಚಾವಿ ಬಿಡಿಸಿ ಮಗಳ ಅಂಗೈಗಿಟ್ಟ. "ಚಾವಿ ನಮ್ಮಂತ್ಯಾಕ ಐತಿ. ಅದು ಎಲ್ಲಿ ಹೋದ್ರೂ ನಡಿಯಂಗಿಲ್ಲ. ಒಂದಿನ ಬರ್ತೈತಿ" ಎಂದ.

ಆ ಅಪ್ಪನೂ ಹೋಗಿ ಇಪ್ಪತ್ತಾರು ವರ್ಷವಾಯಿತು. ಚರಿಗೆ ಮಾತ್ರ ಇನ್ನೂ ಇದೆ, ಆ ಕಾಲದ ಸ್ಟೀಲು ಗಟ್ಟಿ ನೋಡಿ.

ಕಳೆದ ಚಳಿಗಾಲದಲ್ಲಿ ತಂಬ್ರಹಳ್ಳಿಯ ಆಶಾ ಕಾರ್ಯಕರ್ತೆ ಸಂಗೀತಾ, ಹತ್ತು ದಿನದ ಕೂಸೊಂದರ ಫೋಟೋ ಕಳಿಸಿದಳು. ಹೊಕ್ಕುಳು ಕೆಂಪಗಾಗಿದೆ, ನೋಡಿ ಹೇಳಿ ಅಂತ. ರೇಖಾ ಹೊಕ್ಕುಳು ನೋಡಲು ಚಿತ್ರ ಹಿಗ್ಗಿಸಿದಳು. ಕೂಸಿನ ಹಿಂದೆ ಆ ಮನೆಯ ದೇವರ ಜಗಲಿ ಕಾಣುತ್ತಿತ್ತು. ಭಂಡಾರದ ಅರಿಶಿನ ಬಳಿದ ಬೆಳ್ಳಿ ಮುಖಗಳ ನಡುವೆ, ಹಣೆಗೆ ಅದನ್ನೇ ಮೆತ್ತಿಕೊಂಡು, ಒಂದು ಚೌಕ ತಲೆ ನಿಂತಿತ್ತು.

"ಹೊಕ್ಕುಳಕ್ಕ ಏನೂ ಹಚ್ಚಬ್ಯಾಡ್ರಿ, ಈಗಿಂದೀಗ ಆಸ್ಪತ್ರಿಗೆ ಕರಕೊಂಡ ಬರ್ರಿ" ಎಂದು ಮೊದಲು ಬರೆದಳು. ಬುದ್ಧಿ ಅಷ್ಟರ ಮಟ್ಟಿಗೆ ನೆಟ್ಟಗಿತ್ತು. ಬರೆದು ಕಳಿಸಿದ ಮೇಲೆ ಚಿತ್ರವನ್ನು ಮತ್ತೆ ಹಿಗ್ಗಿಸಿ ಆ ಚೌಕ ತಲೆಯನ್ನೇ ನೋಡುತ್ತ ಕೂತಳು.

ಕೂಸು ಚಿಕಿತ್ಸೆ ಪಡೆದು ಚೇತರಿಸಿಕೊಂಡ ಮೇಲೆ ಸಂಗೀತಾಳ ಬಾಯಿಂದ ಉಳಿದದ್ದು ಗೊತ್ತಾಯಿತು. ಅದು ಕುರಿ ಸಾಕುವ ಯರ್ರೆಪ್ಪನ ಮನೆ. ಯರ್ರೆಪ್ಪ ಈಗಿಲ್ಲ, ಹೆಂಡತಿ ಪಕ್ಕೀರಮ್ಮ ಇದ್ದಾಳೆ. ಕೂಸು ಅವಳ ಮಗ ಕೊಟ್ರಸ್ವಾಮಿಯದು. ಪಕ್ಕೀರಮ್ಮನ ಚೊಚ್ಚಲ ಮಗ ಬೀರಲಿಂಗ ಏಳು ವರ್ಷದವನಿದ್ದಾಗ ಜ್ವರದಲ್ಲಿ ಹೋಗಿದ್ದ. ತೀರಿಹೋದವರ ರೂಪವನ್ನು ಬೆಳ್ಳಿ ತಗಡಿನಲ್ಲಿ ಒತ್ತಿಸಿ ಜಗಲಿಯ ಮೇಲಿಟ್ಟು ಪೂಜಿಸುವುದು ಆ ಮನೆಯ ಪದ್ಧತಿ. ಬೀರಲಿಂಗನಿಗೂ ಮಾಡಿಸೋಣ ಎಂದಾಗ ತಾಯಿ ಒಪ್ಪಲಿಲ್ಲ. ಹುಡುಗ ಕಡೆಯವರೆಗೂ ಕೈಯಲ್ಲಿ ಹಿಡಿದಿದ್ದ ಗೊಂಬೆಯನ್ನೇ ತಂದು ಜಗಲಿಗಿಟ್ಟು, "ಇದೂ ತಗಡ ಅಲ್ಲೇನು?" ಎಂದಳಂತೆ. ಹಿರಿಯರು ಅದಕ್ಕೂ ಭಂಡಾರ ಹಚ್ಚಿದರು. ಅಂದಿನಿಂದ ನಲವತ್ತು ವರ್ಷ, ಅಮಾವಾಸ್ಯೆಗೊಮ್ಮೆ, ದೇವರ ಸಾಮಾನಿನ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಾಳೆ.

ಹುಣಸೆಹಣ್ಣು ಎಂದಮೇಲೆ ಗೊಂಬೆಯ ಬಣ್ಣ ಉಳಿದಿರುವುದಿಲ್ಲ. ಆ ಗೊಂಬೆಗೆ ಅಂಗಡಿಯಲ್ಲಿ ಇನ್ನು ಕವಡೆ ಕಿಮ್ಮತ್ತೂ ಇಲ್ಲ ಎಂದು ಅವಳಿಗೆ ಗೊತ್ತಾಯಿತು. ಆದರೂ ಅದು ಬೇಕು ಎನ್ನುವ ಆಸೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಅದು ತನ್ನ ಮನೆಯ ನೆಲದ ಮೇಲೆ ಒಂದೇ ಒಂದು ಸಲ, ತನ್ನ ಕಡೆಗೆ ನಡೆದುಬರಬೇಕು. ಬೇರೇನೂ ಬೇಡ. ಹನ್ನೊಂದು ಗೊಂಬೆಗಳನ್ನು ಅವಳು ಕೂಡಿಹಾಕಿದ್ದು ಈ ಒಂದು ಸಿಗಲಿಲ್ಲವೆಂದೇ.

ಉಪಾಯ ಅವಳೇ ಹುಡುಕಿದಳು. ಕೊಟ್ಟೂರಿನ ಪತ್ತಾರನ ಬಳಿ ಹೋಗಿ, ಒಬ್ಬ ಹುಡುಗನ ರೂಪ ಒತ್ತಿದ ಗಟ್ಟಿ ಬೆಳ್ಳಿ ತಗಡು ಮಾಡಿಸಿದಳು. ಅದನ್ನು ಕೊಟ್ಟು ಗೊಂಬೆ ಕೇಳುವುದು.

ಹುಲುಗೇಶ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಲ್ಲಲೇ, ಇದು ನಿಮ್ಮವ್ವ ಚರಿಗಿ ತಗೊಂಡಂಗ ಆಗಲಿಲ್ಲೇನು?" ಎಂದ.

ರೇಖಾ ಆ ದಿನವಿಡೀ ಅವನ ಜೊತೆ ಮಾತಾಡಲಿಲ್ಲ. ಭಾನುವಾರ ಬೆಳಿಗ್ಗೆ ತಗಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂಬ್ರಹಳ್ಳಿಯ ಬಸ್ ಹತ್ತಿದಳು. ಹುಲುಗೇಶ ಶೋಕೇಸಿನ ನಡುವಿನ ಜಾಗ ಖಾಲಿ ಮಾಡಿಟ್ಟಿದ್ದನ್ನು ಹೊರಡುವಾಗ ನೋಡಿದಳು.

ಕೊಟ್ರಸ್ವಾಮಿ ಓಡಿಬಂದು ಬರಮಾಡಿಕೊಂಡ. ಕೂಸನ್ನು ಉಳಿಸಿದ ಸಿಸ್ಟರ್ ಎಂದರೆ ಕೇಳಬೇಕೇ? "ಬರ್ರಿ ಸಿಸ್ಟರ್, ಒಳಗ ಬರ್ರಿ" ಎಂದು ಕಂಬಳಿ ಹಾಸಿದ. ರೇಖಾ ದೇವರ ಕೋಣೆಯ ಬಾಗಿಲಲ್ಲೇ ನಿಂತಳು. ಪಕ್ಕೀರಮ್ಮ ಜಗಲಿಯ ಮುಂದೆ ಗೋಡೆಗೊರಗಿ ಕೂತಿದ್ದಳು.

"ಯಾವೂರವ್ವ ನಿಂದು?"

"ಹಂಪಸಾಗರ ರೀ ಅಮ್ಮಾ. ಊರ ಹೊರಗಿನ ಕೇರಿ." ಇಂಥ ಬಾಗಿಲುಗಳಲ್ಲಿ ಇದನ್ನು ಮೊದಲೇ ಹೇಳಿಬಿಡುವುದು ರೇಖಾಳ ಅಭ್ಯಾಸ.

ಮುದುಕಿ ಕೈಬೀಸಿ ಕರೆದಳು. "ನಮ್ಮ ಕೂಸಿನ ಮೈ ಮುಟ್ಟಿ ಉಳಿಸೀದಿ. ಜಗಲಿ ಮುಟ್ಟಿದ್ರ ಏನಾತು, ಬಾ" ಎಂದಳು.

ರೇಖಾ ಒಳಗೆ ಹೋಗಿ ಕೂತು ಗೊಂಬೆಯ ಕತೆ ಹೇಳಿದಳು. ಜೀಪು, ಜಪಾನಿನವನು, ಅಂಗಾಲಿಗೆ ಅಪ್ಪ ಬಡಿದ ಮೊಳೆ, ಚರಿಗೆ, ಎಲ್ಲ ಬಂತು; ಚಾವಿಯ ಮಾತು, ಅದು ನಡೆಯುತ್ತಿದ್ದ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಆಮೇಲೆ ಕರವಸ್ತ್ರ ಬಿಚ್ಚಿ ಬೆಳ್ಳಿ ತಗಡನ್ನು ಮುದುಕಿಯ ಮುಂದಿಟ್ಟಳು.

ಪಕ್ಕೀರಮ್ಮ ಅದನ್ನು ಕಣ್ಣ ಹತ್ತಿರ ಹಿಡಿದಳು. "ಇದ್ಯಾರವ್ವ?"

"ನಿಮ್ಮ ಬೀರಲಿಂಗ ರೀ."

"ನನ್ನ ಮಗನ್ನ ನೋಡೀಯೇನು ನೀನು?"

ರೇಖಾ ಬರಿ ಕರವಸ್ತ್ರವನ್ನು ಮಡಚತೊಡಗಿದಳು. ಕೊಟ್ರಸ್ವಾಮಿ ನಡುವೆ ಬಂದು, "ಬೆಳ್ಳಿದು ಚೊಲೊ ಅಲ್ಲೇನಬೇ? ನಾನೂ ಎಷ್ಟ ಸಲ ಹೇಳೀನಿ, ದೇವರ ಜಗಲಿ ಮ್ಯಾಲೆ ಆಡೋ ಗೊಂಬಿ ಅಂತ ಮಂದಿ ನಗ್ತಾರ. ಕೊಟ್ಟುಬಿಡು" ಎಂದ.

ಮುದುಕಿ ಎದ್ದು, ಜಗಲಿಯಿಂದ ಗೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಬಾಗಿಲಿನ ಬೆಳಕಿನಲ್ಲಿ ರೇಖಾಳ ಕೈಗಿಟ್ಟಳು.

ಬೂದಿ ಬಣ್ಣ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಎದೆಯ ಮೀಟರುಗಳಿಲ್ಲ, ಜಪಾನಿನ ಹೆಸರಿಲ್ಲ, ಕಣ್ಣು ಮೂಗಿನ ಗೆರೆಯಿಲ್ಲ. ನಲವತ್ತು ವರ್ಷ ತಿಕ್ಕಿ ತಿಕ್ಕಿ ಬರಿಯ ಹೊಳಪು ಉಳಿದಿತ್ತು. ರೇಖಾ ಅದನ್ನು ಮಗುಚಿ ಎಡಗಾಲು ನೋಡಿದಳು. ಟ್ಯೂಬಿನ ತುಂಡು ಎಂದೋ ಹೋಗಿತ್ತು. ಅಪ್ಪ ಬಡಿದ ತಾಮ್ರದ ಮೊಳೆ ಅಲ್ಲೇ ಇತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ, ತಡೆಯಲು ನೋಡಲೂ ಇಲ್ಲ.

"ಹೌದಾ, ನಿಂದ ಏನು?" ಎಂದಳು ಪಕ್ಕೀರಮ್ಮ.

"ಹೂಂ ರೀ."

"ಕಾಲಾಗಿಂದು ಮೊಳಿ ಅನ್ನು, ಹಂಗಾದ್ರ." ಮುದುಕಿ ಪಕ್ಕದಲ್ಲಿ ಕೂತಳು. "ನಮ್ಮ ಯಜಮಾನ ಹಳೇ ಕಬ್ಬಿಣದವಗ ಒಂದು ಹೊರಿ ಕಂಬಳಿ ಉಣ್ಣಿ ಕೊಟ್ಟು ತಂದಿದ್ದ ಇದನ್ನ. ಬೀರ್ಯಾ ನೆಲಕ್ಕ ಬೋರಲ ಮಲಗಿ ದೂಡ್ತಿದ್ದ. ಇದ್ಯಾಕ ನಡಿಯವಲ್ದು ಯವ್ವಾ ಅಂತಿದ್ದ. ನನಗೇನ ಗೊತ್ತವ್ವ? ಕಾಲಾಗ ಮುಳ್ಳು ಮುರದೈತಪ ಅಂದೆ. ಆವತ್ತಿಂದ ಮುಳ್ಳು ತಗಿ, ಮುಳ್ಳು ತಗಿ ಅಂತ ಗಂಟ ಬಿದ್ದ. ಚಿಮಟಿಗಿ ಹಾಕಿ ನೋಡಿದೆ, ಬರಲಿಲ್ಲ. ಜ್ವರ ಬಂದಾಗೂ ಅದನ್ನ ಕೇಳ್ತಿದ್ದ."

ಅವಳು ಸೆರಗಿನಿಂದ ಗೊಂಬೆಯ ತಲೆ ಒರೆಸಿದಳು. "ಬೆಳ್ಳಿ ಬ್ಯಾಡ. ನಿಂದಾದ್ರ ನೀ ಒಯ್ಯಿ. ಇನ್ನೊಬ್ಬರ ಸಾಮಾನ ಇಟಗಂಡು ಪೂಜಿ ಮಾಡಾಕ ಬರಂಗಿಲ್ಲ."

ಇಷ್ಟು ಸಲೀಸಾಗಿ ಸಿಗುತ್ತದೆಂದು ರೇಖಾ ಅಂದುಕೊಂಡಿರಲಿಲ್ಲ. ಕೊರಳ ದಾರದಿಂದ ಚಾವಿ ಬಿಡಿಸಿಕೊಂಡಳು. ಅಷ್ಟು ವರ್ಷ ನೀರು ಕುಡಿದ ಗೊಂಬೆಯ ಹೊಟ್ಟೆ ತುಕ್ಕು ಹಿಡಿದು ಕಲ್ಲಾಗಿರುತ್ತದೆ, ಚಾವಿ ಕೂತರೆ ಸಾಕು ಎಂದುಕೊಂಡು ಬೆನ್ನಿನ ತೂತಿಗೆ ಹಾಕಿದಳು. ಚಾವಿ ನುಣ್ಣಗೆ ಒಳಗೆ ಹೋಗಿ ಕೂತಿತು. ಕಾಲು ಸುತ್ತು ತಿರುವಿದಳು. ಒಳಗೆ ಟಕ್ ಎಂದಿತು.

ಸ್ಪ್ರಿಂಗ್ ಜೀವಂತವಿತ್ತು. ಬೆರಳ ತುದಿಗೆ ಅದರ ಬಿಗಿ ತಿಳಿಯುತ್ತಿತ್ತು.

"ಒಳಗ ತುಕ್ಕ ಹಿಡಿದಿಲ್ಲ" ಎಂದಳು, ತನಗೆ ತಾನೇ ಎಂಬಂತೆ.

"ತೊಳಿಯುವಾಗ ಆ ತೂತಿಗೆ ಬೆರಳ ಅಡ್ಡ ಹಿಡಿತೀನಿ, ಎದಿ ಕಿಂಡಿಗೆ ಮೇಣ ಮೆತ್ತೀನಿ. ಜ್ವರದಾಗ ಹೋದ ಕೂಸು, ಒಳಗ ಥಂಡಿ ಹೊಗಬಾರದಲ್ಲ." ಮುದುಕಿ ಚಾವಿಯನ್ನೇ ನೋಡುತ್ತಿದ್ದಳು. "ಅದೇನದು?"

"ಚಾವಿ ರೀ. ಇದನ್ನ ತಿರುವಿದ್ರ ನಡೀತೈತಿ."

"ನಡೀತಾನ?"

"ಹೂಂ ರೀ. ಕಾಲಾಗಿಂದು ಮುಳ್ಳಲ್ಲ ಅಮ್ಮಾ, ಅದರದೇನೂ ತಪ್ಪಿಲ್ಲ. ಚಾವಿ ನನ್ನಂತ್ಯಾಕ ಇತ್ತು, ಅದಕ ನಡಿಲಿಲ್ಲ." ರೇಖಾ ಗೊಂಬೆಯನ್ನು ನೆಲಕ್ಕಿಟ್ಟಳು. ಮುಖವನ್ನು ಮುದುಕಿಯ ಕಡೆಗೇ ತಿರುಗಿಸಿದಳು. ಮೊದಲ ನಡಿಗೆ ಆ ತಾಯಿಗೇ ಇರಲಿ ಎಂದುಕೊಂಡಳು. ಇನ್ನೆರಡು ಸುತ್ತು ಕೊಟ್ಟರೆ ಸಾಕಿತ್ತು.

ಪಕ್ಕೀರಮ್ಮನ ಕೈ ಬಂದು ಗೊಂಬೆಯ ಕಾಲಿನ ಮುಂದೆ ನೆಲಕ್ಕೆ ಅಡ್ಡ ಕೂತಿತು.

"ಬ್ಯಾಡವ್ವ" ಎಂದಳು. "ನಲವತ್ತ ವರ್ಷ ಚಾವಿ ಇಲ್ಲಂತ ಉಳದಾನ. ನಡದ್ರ ಎದ್ದು ಹೋಗ್ತಾನ."

ಕೊಟ್ರಸ್ವಾಮಿ ಬಾಗಿಲ ಕಡೆ ಮುಖ ಮಾಡಿದ.

"ನೀ ಒಯ್ಯಿ, ಕೊಟ್ಟೀನಿ ಅಂದ ಮ್ಯಾಲೆ ಮುಗೀತು" ಎಂದಳು ಮುದುಕಿ. ಕೈ ಮಾತ್ರ ತೆಗೆಯಲಿಲ್ಲ. "ನನ್ನ ಕಣ್ಣ ಮುಂದ ನಡಸಬ್ಯಾಡ ಅಷ್ಟ."

ರೇಖಾ ಆ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಭಂಡಾರ, ಹುಣಸೆ ಹುಳಿಗೆ ಸುಲಿದ ಬೆರಳು. ಗೊಂಬೆ ನಡೆಯುವುದೆಂದರೆ ಇಷ್ಟು ವರ್ಷ ಅವಳಿಗೆ ಒಬ್ಬರು ಮನೆಗೆ ಬರುವುದು. ಇಲ್ಲಿ ಒಬ್ಬಳು ತಾಯಿಗೆ ಅದು ಮಗ ಎದ್ದು ಹೋಗುವುದು. ಈಗ ಇದನ್ನು ಒಯ್ದು ತನ್ನ ಪಡಸಾಲೆಯಲ್ಲಿ ಚಾವಿ ಕೊಟ್ಟರೆ, ಅದು ನಡೆದುಬರುತ್ತದೆ. ಖಂಡಿತ ಬರುತ್ತದೆ. ಆದರೆ ಹಿಂದೆ ಮೊಣಕಾಲ ಮೇಲೆ ಬರಲು ಅಪ್ಪನಿಲ್ಲ. ಇದು ಅವಳಿಗೆ ಮೊದಲೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಹನ್ನೊಂದು ಗೊಂಬೆ ಕೊಂಡಿದ್ದಳು.

ಚಾವಿಯನ್ನು ಹೊರಗೆಳೆದಳು. ಗೊಂಬೆಯನ್ನು ಎತ್ತಿ ಜಗಲಿಯ ಮೇಲೆ, ಅದು ಮೊದಲಿದ್ದ ಜಾಗದಲ್ಲಿ, ತಾನೇ ನಿಲ್ಲಿಸಿದಳು. ನಿಲ್ಲಿಸಿದ ಮೇಲೂ ಕೈ ಬಿಡಲು ತುಸು ಹೊತ್ತು ಹಿಡಿಯಿತು. ನಗುನಗುತ್ತ ಬಿಟ್ಟುಕೊಟ್ಟಳು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

"ಚಾವೀನೂ ಇಲ್ಲೇ ಇರಲಿ ರೀ" ಎಂದು ಮುಂದೆ ಹಿಡಿದಳು.

ಪಕ್ಕೀರಮ್ಮ ಮುಟ್ಟಲಿಲ್ಲ. "ಯವ್ವಾ, ಮನಿತುಂಬ ಮಕ್ಕಳದಾವು. ಒಂದಿಲ್ಲ ಒಂದಿನ ಯಾವುದಾರ ತಿರುವೇ ತಿರುವತೈತಿ. ಅದು ನಿನ್ನಂತ್ಯಾಕ ಇರಲಿ. ಕಳಕೋಬ್ಯಾಡ ಮತ್ತ, ಇಷ್ಟ ದಿನ ಹೆಂಗ ಇಟಗಂಡಿದ್ದೋ ಹಂಗ ಇಟಗಾ." ಬೆಳ್ಳಿ ತಗಡನ್ನೂ ಎತ್ತಿ ಕೊಡಲು ಬಂದಳು.

"ಅದನ್ನ ಕರಗಿಸಿ ಕೂಸಿಗೆ ಕಾಲ್ಗಡಗ ಮಾಡಸ್ರಿ" ಎಂದಳು ರೇಖಾ.

ಅದಕ್ಕೆ ಮುದುಕಿ ಬೇಡವೆನ್ನಲಿಲ್ಲ. ಊಟ ಹಾಕಿ, ಬಸ್ಸಿನ ತನಕ ಕಳಿಸಲು ಮಗನನ್ನು ಅಟ್ಟಿದಳು. ಬಾಗಿಲಿನಲ್ಲಿ ರೇಖಾಳ ಕೈ ಹಿಡಿದು, "ಅಮಾಸಿಗೊಮ್ಮೆ ಬಾ. ನೋಡಿಕೆಂಡು ಹೋಗು, ನಿಂದೂ ಅಲ್ಲೇನು? ಬರೋವಾಗ ಚಾವಿ ಮಾತ್ರ ತರಬ್ಯಾಡ" ಎಂದಳು.

ಬರಿಗೈಯಲ್ಲಿ ಬಂದ ಹೆಂಡತಿಯನ್ನು ನೋಡಿ ಹುಲುಗೇಶ ಚಹಾಕ್ಕೆ ಇಟ್ಟ. ಶೋಕೇಸಿನ ನಡುವಿನ ಖಾಲಿ ಜಾಗವನ್ನು ಅವನೂ ತುಂಬಲಿಲ್ಲ, ಅವಳೂ ತುಂಬಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ರೇಖಾ ಕೊರಳ ದಾರದಿಂದ ಚಾವಿಯನ್ನು ಬಿಡಿಸಿ ಆ ಜಾಗದಲ್ಲಿಟ್ಟು, ಶೋಕೇಸಿಗೆ ಬೀಗ ಹಾಕಿ, ಬೀಗದ ಕೈಯನ್ನು ಗಂಡನಿಗೆ ಕೊಟ್ಟು ಹೊರಟಳು. ಅಪ್ಪ ಹೋದಂದಿನಿಂದ ಆ ಚಾವಿ ಮೈಮೇಲಿಲ್ಲದೆ ಅವಳು ಮನೆ ಬಿಟ್ಟದ್ದು ಅದೇ ಮೊದಲು. ಬಸ್ಸಿನಲ್ಲಿ ಎರಡು ಮೂರು ಸಲ ಕೈ ತಾನಾಗಿ ಎದೆಯ ಹತ್ತಿರ ಹೋಗಿ ಬರಿ ಕಾರ್ಡು ಮುಟ್ಟಿ ಬಂತು.

ತಂಬ್ರಹಳ್ಳಿಯಲ್ಲಿ ಪಕ್ಕೀರಮ್ಮ ಬಚ್ಚಲ ಕಲ್ಲಿನ ಮೇಲೆ ದೇವರ ಸಾಮಾನು ಹರವಿಕೊಂಡು ಕೂತಿದ್ದಳು. ಇವಳನ್ನು ಕಂಡು ಸರಿದು ಜಾಗ ಕೊಟ್ಟಳು. ಹುಣಸೆಹಣ್ಣಿನ ಉಂಡೆ, ಬೂದಿ, ಒಂದು ಚೆಂಬು ನೀರು ಇವಳ ಕಡೆ ತಳ್ಳಿ, ಗೊಂಬೆಯನ್ನು ಕೈಗೆ ಕೊಟ್ಟಳು. ಹಳೇ ತಗಡಿಗೆ ಒದ್ದೆ ಬಟ್ಟೆಯನ್ನೂ ಸೋಕಿಸದ ರೇಖಾ ಹುಣಸೆಹಣ್ಣು ಹಚ್ಚಿ, ತಲೆ, ಭುಜ, ಇಟ್ಟಿಗೆಯಂಥ ಬೂಟು, ಎಲ್ಲವನ್ನೂ ತಿಕ್ಕಿದಳು. ಮೊಳೆಯ ಸುತ್ತ ಹಸಿರು ಹಿಡಿದಿದ್ದನ್ನು ಉಗುರಿನಿಂದ ಬಿಡಿಸಿದಳು.

"ತೂತಿಗೆ ಬೆರಳ ಅಡ್ಡ ಹಿಡಿ, ನೀರು ಹೊಕ್ಕಾವು" ಎಂದಳು ಮುದುಕಿ, ತನ್ನ ಕೈಯಲ್ಲಿದ್ದ ಬೆಳ್ಳಿ ಮುಖದಿಂದ ಕಣ್ಣೆತ್ತದೆ.

ರೇಖಾ ಅವಳು ಹೇಳುವ ಮೊದಲೇ ಹಿಡಿದಿದ್ದಳು.